ಹಲ್ಲಿಲ್ಲದ ಅಜ್ಜಗ ಸೇಬುಹಣ್ಣು

ನಮ್ಮ ಕಡೆ ಪೇಪರಿನ್ಯಾಗ ಒಂದ ಫೋಟೋ ಮ್ಯಾಲಿಂದ ಮ್ಯಾಲೆ ಬರ್ತದ, ನೀವೂ ನೋಡಿರ್ತೀರಿ. ಯಾರದರ ಹುಟ್ಟುಹಬ್ಬ ಇರ್ತದ, ಇಲ್ಲಾ ಯಾವದರ ಸಂಘದ ವಾರ್ಷಿಕೋತ್ಸವ. ಹತ್ತ-ಹನ್ನೆರಡ ಮಂದಿ ಇಸ್ತ್ರಿ ಮಾಡಿದ ಬಿಳೇ ಅಂಗಿ ಹಾಕ್ಕೊಂಡು ದವಾಖಾನಿ ವಾರ್ಡಿನ್ಯಾಗ ಸಾಲಾಗಿ ನಿಂತಿರ್ತಾರ. ನಡುವ ಕಾಟಿನ ಮ್ಯಾಲೆ ಒಬ್ಬ ಅಜ್ಜ. ಅಜ್ಜನ ಕೈಯಾಗ ಒಂದ ಸೇಬುಹಣ್ಣು, ಒಂದ ಬ್ರೆಡ್ಡಿನ ಪಾಕೀಟು. ನಿಂತವರೆಲ್ಲಾ ಕ್ಯಾಮೆರಾ ನೋಡ್ಲಿಕತ್ತಿರ್ತಾರ, ಅಜ್ಜ ಒಬ್ಬನ ಹಣ್ಣ ನೋಡ್ಲಿಕತ್ತಿರ್ತಾನ. ಕೆಳಗ ‘ರೋಗಿಗಳಿಗೆ ಹಣ್ಣು-ಹಂಪಲ ವಿತರಣೆ’ ಅಂತ ಒಂದ ಸಾಲು.

ಆ ಅಜ್ಜಗ ಬಾಯಾಗ ಹಲ್ಲಿರಂಗಿಲ್ಲ. ಬಲಗೈಗೆ ಸಲೈನ್ ಹಚ್ಚಿರ್ತಾರ. ಆ ಹಣ್ಣಿನ ಸಿಪ್ಪಿ ತಗದು, ಹೆಚ್ಚಿ, ಕುದಿಸಿ ಮೆತ್ತಗ ಮಾಡಿ, ಒಂದೊಂದ ಚಮಚಾ ಬಾಯಿಗಿಡೋರು ಯಾರು? ಬಿಳೇ ಅಂಗಿಯವರು ಮುಂದಿನ ವಾರ್ಡಿಗೆ ಹೋಗಿಬಿಟ್ಟಿರ್ತಾರ. ಹಣ್ಣು ಕಾಟಿನ ಬಾಜೂಕಿನ ಸ್ಟೂಲಿನ ಮ್ಯಾಲೆ ಎರಡ ದಿನ ಕೂತು, ಮೂರನೇ ದಿನ ಯಾರದೋ ಮಗನ ಕೈ ಸೇರ್ತದ. ಹಲ್ಲಿದ್ದವ್ರಿಗೆ ಕಡ್ಲಿ ಇಲ್ಲ, ಕಡ್ಲಿ ಇದ್ದವ್ರಿಗೆ ಹಲ್ಲಿಲ್ಲ ಅಂತಾರಲ್ಲಾ, ಆ ಗಾದಿ ಮಾತು ದವಾಖಾನ್ಯಾಗ ಕಣ್ಣಿಗೆ ಕಾಣ್ತದ.

ನಾ ಹೇಳೂದು ಇಷ್ಟ. ನಮ್ಮ ಮಂದಿಗೆ ಊಟಾ ಕೊಡೂದು ಗೊತ್ತದ, ಊಟಾ ಮಾಡಸೂದು ಮರತು ಹೋಗೇದ. ದಾನಕ್ಕ ನಮ್ಮಲ್ಲೆ ಎಂದೂ ಕಡಿಮಿ ಇಲ್ಲ. ಮಠದಾಗ ದಾಸೋಹ ನಡೀತದ, ಜಾತ್ರಿಯೊಳಗ ಸಾವಿರಗಟ್ಟಲೆ ಎಲಿ ಏಳ್ತಾವ, ದೊಡ್ಡ ದವಾಖಾನಿ ಗೇಟಿನ ಮುಂದ ಪುಕ್ಕಟ ಉಪ್ಪಿಟ್ಟು-ಪಲಾವ ಹಂಚೋರೂ ಇದ್ದಾರ. ಇಲ್ಲದ್ದು ಅಂದ್ರ ಕಾಟಿನ ಬಾಜೂಕ ಅರ್ಧಾ ತಾಸು ಕೂತು, ಒಬ್ಬ ಮುದುಕಿ ನಾಲ್ಕ ತುತ್ತು ನುಂಗೂತನಾ ಕಾಯೋ ಮಂದಿ. ಅದು ಸಣ್ಣ ಕೆಲಸ ಅಲ್ಲ, ಬರೇ ಕರುಣಾದ ಕೆಲಸಾನೂ ಅಲ್ಲ. ಗುಳಿಗಿ, ಇಂಜೆಕ್ಷನ್ ಹೆಂಗೋ ಹಂಗ ಅದೂ ಒಂದ ಉಪಚಾರ. ಅದಕ್ಕ ಕಲಿತ ಸ್ವಯಂಸೇವಕರನ್ನ ದವಾಖಾನಿಯವರು ಹಚ್ಚಬೇಕು. ‘ಅಟೆಂಡರ್ ಇದ್ದಾರಲ್ಲಾ’ ಅಂತ ಕೈ ಝಾಡಿಸಿ ಕೂಡೂದು ಸಾಕು.

ಇದನ್ನ ನಾ ನಮ್ಮ ಮನಿ ಗ್ರೂಪಿನ್ಯಾಗ ಬರದಾಗ ನಮ್ಮ ಕಾಕಾ ತಟ್ಟನ ಉತ್ತರಾ ಹಾಕಿದಾ. ‘ನೋಡವಾ, ನಮ್ಮಲ್ಲೆ ಇನ್ನೂ ಅಂಥಾ ಗತಿ ಬಂದಿಲ್ಲ. ಗುರುತು-ಪರಿಚಯ ಇಲ್ಲದವ್ರ ಕೈಲೆ ಹೆತ್ತವ್ರಿಗೆ ಉಣಿಸೂದು ಫಾರಿನ್ ಮಂದಿ ಪದ್ಧತಿ. ನಮ್ಮ ಮನ್ಯಾಗ ಸೊಸ್ತೇರಿದ್ದಾರ.’ ಕೆಳಗ ಹದಿನಾಲ್ಕ ಮಂದಿ ಕೈ ಮುಗದ ಚಿತ್ರಾ ಹಾಕಿದ್ರು. ಅದರಾಗ ಒಬ್ಬ ಸೊಸೀನೂ ಇರಲಿಲ್ಲ.

ಕಾಕಾನ ಮ್ಯಾಲೆ ನನಗ ಸಿಟ್ಟಿಲ್ಲ, ಖರೇ ಹೇಳ್ಬೇಕಂದ್ರ ಅಂವಾ ಎಲ್ಲಾರ ಮನಸಿನ್ಯಾಗ ಇದ್ದದ್ದನ್ನ ಹೇಳಿದಾ. ಆದರ ಆ ‘ಸೊಸ್ತೇರಿದ್ದಾರ’ ಅನ್ನೂ ಮಾತಿನ್ಯಾಗ ಎಲ್ಲಾ ಅದ. ನಮ್ಮ ಸಂಸ್ಕೃತಿ, ನಮ್ಮ ಸಂಸ್ಕೃತಿ ಅಂತ ನಾವು ಯಾವದಕ್ಕ ಅಂತೇವಿ, ಅದರ ಅರ್ಥ ಭಾಳ ಸಲ ಯಾರದೋ ಹೆಂಡ್ತಿಯ ರಜಾ. ಆಕಿ ಬೆಳಿಗ್ಗೆ ಐದಕ್ಕ ಎದ್ದು ಮನಿ ಅಡಗಿ ಮಾಡಿ, ಹುಡುಗರ ಡಬ್ಬಿ ಕಟ್ಟಿ, ದವಾಖಾನಿ ಡಬ್ಬಿ ಬ್ಯಾರೆ ಕಟ್ಟಿ, ಬಸ್ ಹತ್ತಿ, ಹನ್ನೆರಡೂವರಿಗೆ ಮುಟ್ಟಿ, ಮಾವನಿಗೆ ಗಂಜಿ ಉಣಿಸಿ, ತಾ ಹಸದ ಹೊಟ್ಟಿಲೆ ತಿರುಗಿ ಬರಬೇಕು. ಆಕಿ ಒಂದ ದಿನ ತಪ್ಪಿದ್ರ ‘ಮುದುಕ ಉಪವಾಸ ಬಿದ್ದಾ’ ಅಂತ ಬೈಗಳಾ ಆಕಿಗೆ. ದವಾಖಾನಿಗೆ ಯಾರೂ ಏನೂ ಅನ್ನಂಗಿಲ್ಲ.

ಅದೂ ಸೊಸಿ ಇದ್ದ ಮನಿ ಮಾತಾತು. ಮಕ್ಕಳು ಬೆಂಗಳೂರು, ಪುಣೆ, ಅಮೇರಿಕಾ ಅಂತ ಹೋದ ಮನಿ ಎಷ್ಟು? ಮಕ್ಕಳ ಇಲ್ಲದವರೆಷ್ಟು? ದಿನಗೂಲಿ ಮಂದಿ ಅಟೆಂಡರ್ ಆಗಿ ಕೂತ್ರ ಆ ದಿನದ ಪಗಾರ ಹೋತು. ಮನ್ಯಾಗ ಒಲಿ ಹತ್ತಬೇಕಲಾ. ಇನ್ನ ಭಾಳ ಕಡೆ 75ರ ಹೆಂಡ್ತಿಗೆ 80ರ ಗಂಡನ ಅಟೆಂಡರ್. ಅವಗೂ ಶುಗರ್ ಇರ್ತದ, ಅವಗೂ ಕಣ್ಣ ಮಂಜು, ಅವನ ಊಟಾ ಯಾರೂ ಕೇಳಂಗಿಲ್ಲ. 2011ರ ಜನಗಣತಿ ಹೊತ್ತಿಗೇನ ನಮ್ಮ ದೇಶದಾಗ 60 ದಾಟಿದವ್ರು 10 ಕೋಟಿ ಮ್ಯಾಲಿದ್ರು. ಇಷ್ಟು ಮಂದಿ ಹಿರಿಯರನ್ನ ಬರೇ ಸೊಸ್ತೇರ ಮ್ಯಾಲೆ ಬಿಟ್ಟು ನಾವು ಎದಿ ಉಬ್ಬಿಸ್ಕೊಂಡು ಕೂತೇವಿ.

ಮೊನ್ನೆ ನಮ್ಮ ಮೌಶಿ ಜೋಡಿ ನಾ ಒಂಬತ್ತ ದಿನ ಒಂದ ದವಾಖಾನ್ಯಾಗ ಇದ್ದೆ. ಆ ವಾರ್ಡಿನ್ಯಾಗ ಊಟದ ಹೊತ್ತಿಗೆ ಏನಾಗ್ತದ ಅನ್ನೂದನ್ನ ದಿನಾ ಎರಡ ಸಲ ನೋಡ್ದೆ. ಊಟದ ಗಾಡಿ ಬರ್ತದ. ಕಂಪಾರ್ಟ್‌ಮೆಂಟ್ ಇದ್ದ ತಾಟಿನ್ಯಾಗ ಅನ್ನ, ಸಾರು, ಒಂದ ಪಲ್ಯಾ, ಎರಡ ಚಪಾತಿ. ತಾಟು ಲಾಕರಿನ ಮ್ಯಾಲೆ ಇಡ್ತಾರ, ಮುಂದ ಹೋಗ್ತಾರ. ಮುಕ್ಕಾಲ ತಾಸಿಗೆ ತಿರುಗಿ ಬಂದು ತಾಟು ಎತ್ತತಾರ. ತುಂಬಿದ ತಾಟು ತುಂಬಿದಂಗ ಹೋಗ್ತದ. ಎತ್ತಕೊಂಡು ಹೋಗೂ ಹುಡುಗಗ ಅದನ್ನ ಯಾರಿಗೂ ಹೇಳೂ ಜವಾಬ್ದಾರಿ ಇಲ್ಲ. ಉಚ್ಚಿ ಎಷ್ಟ ಹೋತು ಅಂತ ಅಳದು ಬರಿಯೋ ಚಾರ್ಟ್ ಕಾಟಿಗೆ ತೂಗ ಹಾಕ್ಯಾರ, ಹೊಟ್ಟಿಗೆ ಎಷ್ಟ ತುತ್ತು ಹೋತು ಅಂತ ಬರಿಯೋ ಹಾಳಿ ಎಲ್ಲೂ ಇಲ್ಲ.

ಮುದುಕರು ಯಾಕ ಉಣ್ಣಂಗಿಲ್ಲ ಅಂದ್ರ ‘ಹಸಿವಿಲ್ಲ ಅಂತಾರ್ರಿ’ ಅಂತ ಉತ್ತರಾ. ಹಸಿವಿ ಮಾತು ಆಮ್ಯಾಲೆ. ಮೊದಲ ಕೈ ನೋಡ್ರಿ. ಸಲೈನಿನ ಸೂಜಿ ಬಲಗೈಗೆ ಚುಚ್ಚಿ ಪಟ್ಟಿ ಕಟ್ಟ್ಯಾರ. ನಮ್ಮ ಹಿರಿಯರು ಎಡಗೈಲೆ ಅನ್ನಾ ಮುಟ್ಟತಾರೇನು? ಸತ್ರೂ ಮುಟ್ಟಂಗಿಲ್ಲ. ಎಡಗೈಗೆ ಸೂಜಿ ಹಾಕಲಿಕ್ಕೆ ಬರೂ ಹಂಗಿದ್ದಾಗ ಅಲ್ಲೇ ಹಾಕ್ರಿ ಅಂತ ಒಂದ ಮಾತು ಹೇಳಿದ್ರ ಅರ್ಧಾ ಊಟಾ ಅಲ್ಲೇ ಗೆದ್ದಂಗ. ಆಮ್ಯಾಲೆ ಹಲ್ಲಿನ ಸೆಟ್ಟು. ಅದು ಕರ್ಚೀಫಿನ್ಯಾಗ ಕಟ್ಟಿ ಮನ್ಯಾಗ ಉಳದಿರ್ತದ. ಚಷ್ಮಾ ಬ್ಯಾಗಿನ್ಯಾಗ. ತಾಟಿನ್ಯಾಗ ಏನದ ಅಂತ ಕಾಣಂಗಿಲ್ಲ. ಕಾಟಿನ ತಲಿ ಎತ್ತರಿಸಿರಂಗಿಲ್ಲ. ಅಂಗಾತ ಮಲಗಿದ ಮನಶ್ಯಾ ಸಾರು-ಅನ್ನಾ ಹೆಂಗ ನುಂಗಬೇಕು? ಲಾಕರ್ ಒಂದ ಕಡೆ, ಅವರು ಹೊಳ್ಳಿದ್ದು ಇನ್ನೊಂದ ಕಡೆ. ನೀರಿನ ಬಾಟಲಿ ಮುಚ್ಚಳಾ ಬಿಚ್ಚಲಿಕ್ಕೆ ಬೆರಳಿನ್ಯಾಗ ಶಕ್ತಿ ಇಲ್ಲ.

ನೀರಿಂದ ಒಂದ ಕತಿ ಬ್ಯಾರೇನ ಅದ. ವಾರ್ಡಿನ್ಯಾಗ ಹೆಣ್ಮಕ್ಕಳು ಬೇಕಂತ ನೀರ ಕುಡಿಯಂಗಿಲ್ಲ. ಕುಡಿದ್ರ ಬಾತರೂಮಿಗೆ ಹೋಗ್ಬೇಕು, ಹೋಗ್ಬೇಕಂದ್ರ ಆಯಾನ್ನ ಕರೀಬೇಕು, ಆಯಾ ಮಾರಿ ಗಂಟ ಹಾಕ್ತಾಳ. ಅದಕ್ಕ ಒಣಾ ಬಾಯಿಲೆ ಮಲಗಿಬಿಡ್ತಾರ. ಮರುದಿನಾ ಸಂಜಿ ಹೊತ್ತಿಗೆ ‘ಅಜ್ಜಿ ಬಡಬಡಸಲಿಕತ್ತಾಳ, ತಲಿ ಕೆಟ್ಟದ’ ಅಂತ ಮನಿಮಂದಿಗೆ ಫೋನು.

ಇನ್ನೊಂದು ನಮ್ಮ ಕಡೀದ ಸಂಕೋಚ. ನಮ್ಮಲ್ಲೆ ಊಟಕ್ಕ ಕರದ್ರ ಮೊದಲನೇ ಸಲ ಯಾರರ ‘ಹೂಂ’ ಅಂತಾರೇನ್ರಿ? ‘ಒಲ್ಲೆ’ ಅನ್ನೂದ ಪದ್ಧತಿ. ಎರಡನೇ ಸಲ ಕರೀಬೇಕು, ಮೂರನೇ ಸಲ ಕೈ ಹಿಡದು ಮಣಿ ಮ್ಯಾಲೆ ಕೂಡಸಬೇಕು. ಎಪ್ಪತ್ತ-ಎಂಬತ್ತ ವರ್ಷ ಹಂಗ ಬದುಕಿದ ಅಜ್ಜಿಗೆ ಗಾಡಿ ದೂಡೂ ಹುಡುಗ ‘ಊಟಾ ಬೇಕೇನು?’ ಅಂತ ನಡಕೋತ ಕೇಳ್ತಾನ, ಆಕಿ ‘ಬ್ಯಾಡಪಾ’ ಅಂತಾಳ, ಅಂವಾ ಅದನ್ನ ಖರೇ ಅಂತ ತಿಳಕೊಂಡು ಮುಂದ ಹೋಗ್ತಾನ. ಆಕಿ ಇನ್ನೊಮ್ಮೆ ಕೇಳ್ತಾರ ಅಂತ ದಾರಿ ನೋಡ್ತಾಳ. ಒತ್ತಾಯ ಮಾಡಿ ಉಣಸೋ ಮಂದಿ ನಾವು ಅಂತ ಊರೆಲ್ಲಾ ಹೆಸರು, ಒತ್ತಾಯ ಬೇಕಾದ ಜಾಗಾದಾಗ ಒಬ್ಬರೂ ಇಲ್ಲ.

ಇದರಾಗ ಕಷ್ಟ ಏನು, ಒಂದ ಹೊತ್ತು ಉಣ್ಣದಿದ್ರ ಯಾರೂ ಸಾಯಂಗಿಲ್ಲ ಅನ್ನೋರಿದ್ದಾರ. ಹರೇದವ್ರಿಗೆ ಆ ಮಾತು ನಡೀತದ. ಮುದುಕರ ಮೈಯಾಗ ಕೂಡಿಟ್ಟದ್ದು ಭಾಳ ಇರಂಗಿಲ್ಲ. ಹಾಸಗಿ ಹಿಡದ ಕೂಡಲೆ ಕಾಲಿನ ಸ್ನಾಯು ಕರಗಲಿಕ್ಕೆ ಶುರು ಆಗ್ತದ, ಮ್ಯಾಲೆ ಹೊಟ್ಟಿಗೂ ಬೀಳಲಿಲ್ಲಂದ್ರ ಇನ್ನೂ ಲಗೂ. ನಡಕೋತ ಬಂದವ್ರು ವ್ಹೀಲ್‌ಚೇರಿನ್ಯಾಗ ಮನಿಗೆ ಹೋಗ್ತಾರ. ಬೆನ್ನಿನ ಹುಣ್ಣು ಮಾಯಂಗಿಲ್ಲ, ಆಪರೇಶನ್ನಿನ ಗಾಯಾ ಕೂಡಂಗಿಲ್ಲ, ಸೋಂಕು ಬ್ಯಾಗನ ಹತ್ತತದ. ಶುಗರ್ ಪೇಶಂಟಿಗೆ ಊಟಕ್ಕ ಮೊದಲ ಇನ್ಸುಲಿನ್ ಕೊಟ್ಟು, ಊಟಾ ಹೊಟ್ಟಿಗೆ ಹೋಗಲಿಲ್ಲಂದ್ರ ಶುಗರ್ ಇಳದು ಬೆವತು ಎಚ್ಚರ ತಪ್ಪತಾರ. ಇಂಜೆಕ್ಷನ್ ಕೊಟ್ಟದ್ದಕ್ಕ ಸಹಿ ಇರ್ತದ, ಊಟಾ ಹೋತೋ ಇಲ್ಲೋ ಅನ್ನೂದಕ್ಕ ಯಾರ ಸಹೀನೂ ಇರಂಗಿಲ್ಲ. ಸಾವಿರಾರು ರೂಪಾಯಿ ಆಂಟಿಬಯಾಟಿಕ್ ಹಾಕಿ, ಹತ್ತ ರೂಪಾಯಿ ಗಂಜಿ ಒಳಗ ಹೋಗದಂಗ ನೋಡ್ಕೊಂಡ್ರ ಆ ಔಷಧ ಯಾರ ಮೈಯಾಗ ಕೆಲಸಾ ಮಾಡ್ಬೇಕು?

ಈಗ ಕಾಕಾನ ‘ಫಾರಿನ್’ ಮಾತಿಗೆ ಬರ್ತೇನಿ. ಬ್ರಿಟನ್ನಿನ ಸರಕಾರಿ ದವಾಖಾನಿ ವ್ಯವಸ್ಥಾ, ಎನ್‌ಎಚ್‌ಎಸ್, ಅದು ಪುಕ್ಕಟ ಉಪಚಾರಕ್ಕ ಜಗತ್ತಿನ್ಯಾಗ ಹೆಸರಾದದ್ದು. ಅಲ್ಲೆ 2006ರಾಗ ಏಜ್ ಕನ್ಸರ್ನ್ ಅನ್ನೂ ಹಿರಿಯರ ಸಂಸ್ಥಾ ‘ಹಂಗ್ರಿ ಟು ಬಿ ಹರ್ಡ್’ ಅಂತ ಒಂದ ವರದಿ ತಂತು. ದವಾಖಾನಿಗೆ ಬಂದ ಹತ್ತರಾಗ ಆರ ಮಂದಿ ಹಿರಿಯರು ಅಲ್ಲಿದ್ದಾಗ ಅಪೌಷ್ಟಿಕತೆಗೆ ಬೀಳೂ, ಇಲ್ಲಾ ಇದ್ದ ಅಪೌಷ್ಟಿಕತೆ ಇನ್ನೂ ಕೆಡೂ ಅಪಾಯದಾಗ ಇರ್ತಾರ ಅಂತ ಅದರಾಗ ಹೇಳಿದ್ರು. ಆಮ್ಯಾಲೆ ಸ್ಟಾಫರ್ಡ್ ಅನ್ನೂ ಊರಿನ ದವಾಖಾನಿ ಹಗರಣ ಹೊರಗ ಬಂತು. 2005ರಿಂದ 2009ರ ನಡುವ ಅಲ್ಲೆ ನಡದದ್ದರ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ಅನ್ನೂ ವಕೀಲರು ವಿಚಾರಣಾ ಮಾಡಿ 2013ರಾಗ ಕೊಟ್ಟ ವರದಿ ಆ ದೇಶಾನ್ನ ಅಲ್ಲಾಡಿಸ್ತು. ಉಣ್ಣಲಿಕ್ಕೆ ಸಹಾಯ ಸಿಗದ ಪೇಶಂಟರು, ಕೈಗೆಟುಕದ ಕಡೆ ಇಟ್ಟ ನೀರು, ಇಂಥಾವ ಅಲ್ಲಿ ಮನಿಮಂದಿ ಕೊಟ್ಟ ದೂರು.

ಅಂದ್ರ ಅವರಲ್ಲೂ ಆದದ್ದು ಇದ. ಫರಕ್ ಏನಂದ್ರ ಅವರು ‘ನಮ್ಮಲ್ಲೆ ಹಂಗಿಲ್ಲ’ ಅಂತ ಮುಚ್ಚಿಡಲಿಲ್ಲ, ಊರ ಮುಂದ ಬರದು ಹಾಕಿದ್ರು. ಅಲ್ಲಿ ಭಾಳ ದವಾಖಾನ್ಯಾಗ ಸಹಾಯ ಬೇಕಾದ ಪೇಶಂಟಿಗೆ ಊಟಾ ಕೆಂಪ ಟ್ರೇದಾಗ ಬರ್ತದ. ಕೆಂಪ ಟ್ರೇ ಕಂಡ್ರ ‘ಇವರಿಗೆ ಉಣಿಸಬೇಕು, ತುಂಬಿದ ಟ್ರೇ ಸುಮ್ಮನ ಎತ್ತಬಾರದು’ ಅಂತ ಎಲ್ಲಾರಿಗೂ ಗೊತ್ತಾಗ್ತದ. ಊಟದ ಹೊತ್ತಿನ್ಯಾಗ ತುರ್ತು ಇಲ್ಲದ ರೌಂಡು, ಟೆಸ್ಟು ಬ್ಯಾಡ ಅಂತ ಒಂದ ನಿಯಮಾ ಮಾಡ್ಕೊಂಡ್ರು. ಮ್ಯಾಲೆ ಸ್ವಯಂಸೇವಕರನ್ನ ತಂದ್ರು. ಸೌತಾಂಪ್ಟನ್ನಿನ್ಯಾಗ ಹಿರೇ ಹೆಣ್ಮಕ್ಕಳ ಒಂದ ವಾರ್ಡಿನ್ಯಾಗ ಮಧ್ಯಾಹ್ನದ ಊಟಕ್ಕ ಇಂಥಾ ಸ್ವಯಂಸೇವಕರನ್ನ ಹಚ್ಚಿ ಅದನ್ನ ಅಭ್ಯಾಸಾನೂ ಮಾಡ್ಯಾರ. ನುಂಗೂ ತೊಂದ್ರಿ ನೋಡೂ ಥೆರಪಿಸ್ಟರು, ಡಯಟೀಶಿಯನ್ನರು ಅವರಿಗೆ ಕಲಿಸಿ ಆಮ್ಯಾಲೆ ವಾರ್ಡಿಗೆ ಬಿಟ್ರು. ಸಿಸ್ಟರುಗಳಿಗೂ ಪೇಶಂಟರಿಗೂ ಅವರು ಬೇಕಾದ್ರು.

ಅಮೇರಿಕಾದಾಗ ಶಾರನ್ ಇನೊಯೆ ಅನ್ನೂ ಡಾಕ್ಟರಮ್ಮ ಯೇಲ್‌ನೊಳಗ ಇದಕ್ಕೂ ಮೊದಲ ಒಂದ ಕೆಲಸಾ ಮಾಡಿದ್ರು. ಮುದುಕರು ದವಾಖಾನ್ಯಾಗ ದಿಕ್ಕ ತಪ್ಪಿ ಬಡಬಡಸ್ತಾರಲ್ಲಾ, ಡಾಕ್ಟರು ಅದಕ್ಕ ಡಿಲಿರಿಯಂ ಅಂತಾರ, ಅದನ್ನ ತಡೀಲಿಕ್ಕೆ ಅವರು ದೊಡ್ಡ ಮಶೀನ್ ತರಲಿಲ್ಲ. ಚಷ್ಮಾ ಹಾಕ್ಸೂದು, ಕಿವೀ ಮಶೀನು ಕೊಡೂದು, ನೀರು ಕುಡಸೂದು, ಎಬ್ಬಿಸಿ ನಡಸೂದು, ಇವತ್ತ ಯಾವ ವಾರ ಅಂತ ಮಾತಾಡಸೂದು, ರಾತ್ರಿ ಸದ್ದು ಮಾಡದಂಗ ನಿದ್ದಿ ಹತ್ತಸೂದು. ಇದರಾಗ ಭಾಳಷ್ಟು ಕೆಲಸಾ ಕಲಿತ ಸ್ವಯಂಸೇವಕರು ಮಾಡಿದ್ರು. 70 ದಾಟಿದ 852 ಪೇಶಂಟರ ಲೆಕ್ಕಾ 1999ರಾಗ ಛಾಪಾ ಆತು: ಎಂದಿನಂಗ ನೋಡ್ಕೊಂಡವ್ರೊಳಗ ನೂರಕ್ಕ 15 ಮಂದಿಗೆ ಡಿಲಿರಿಯಂ ಬಂದ್ರ, ಈ ರೀತಿ ನೋಡ್ಕೊಂಡವ್ರೊಳಗ 9.9. ಆಮ್ಯಾಲೆ ಬ್ಯಾರೆ ಬ್ಯಾರೆ ದವಾಖಾನಿಯವರು ಈ ಪದ್ಧತಿ ತಗೊಂಡ್ರು, ಅದರಾಗ ಊಟದ ಹೊತ್ತಿಗೆ ಜೋಡಿ ಕೂತು ಉಣಸೂದೂ ಒಂದ ಮುಖ್ಯ ಭಾಗ. ನಮ್ಮ ಅಜ್ಜಿ ಮನ್ಯಾಗ ಮಾಡ್ತಿದ್ದದ್ದ ಇದ ಅಲ್ರಿ? ನಾವು ಅದನ್ನ ಪ್ರೀತಿ ಅಂದು ಬಿಟ್ಟೇವಿ, ಅವರು ಅದನ್ನ ಅಳದು ಔಷಧದ ಸಾಲಿನ್ಯಾಗ ಇಟ್ರು.

ಫಾರಿನ್ ಬ್ಯಾಡಂದ್ರ ಬಾಜೂಕಿನ ಕೇರಳ ನೋಡ್ರಿ. 1993ರಾಗ ಕೋಳಿಕೋಡದ ಮೆಡಿಕಲ್ ಕಾಲೇಜಿನ್ಯಾಗ ನೋವು ಕಡಿಮಿ ಮಾಡೂ ಒಂದ ಸಣ್ಣ ಸಂಸ್ಥಾ ಶುರು ಆತು. ಅಲ್ಲಿಂದ ಬೆಳಕೋತ ಹೋಗಿ ಮಲಪ್ಪುರಂ ಜಿಲ್ಲಾದಾಗ ಓಣಿ-ಓಣಿಯೊಳಗ ಸ್ವಯಂಸೇವಕರು ಕಲ್ತು, ಹಾಸಗಿ ಹಿಡದವ್ರ ಮನಿಗೆ ಸಿಸ್ಟರುಗಳ ಜೋಡಿ ಹೋಗ್ಲಿಕತ್ರು. 2008ರಾಗ ಅಲ್ಲಿ ಸರಕಾರಾನ ಅದಕ್ಕೊಂದ ನೀತಿ ಮಾಡ್ತು. ಅಲ್ಲಿ ಮಂದಿಗೆ ಮಕ್ಕಳಿಲ್ಲೇನು, ಸೊಸ್ತೇರಿಲ್ಲೇನು? ಇದ್ದಾರ. ಇದ್ದೂ ಅವರಿಗೆ ಇನ್ನೊಬ್ಬರ ಕೈ ಬೇಕು ಅಂತ ಅವರು ಒಪ್ಪಿಕೊಂಡ್ರು, ಅಷ್ಟ.

ನಮ್ಮ ಕಾಯ್ದೆ ಏನಂತದ? 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಮಿನ್ಯಾಗ ಸರಕಾರಿ ದವಾಖಾನ್ಯಾಗ ಆದಷ್ಟು ಎಲ್ಲಾ ಹಿರಿಯರಿಗೂ ಹಾಸಗಿ ಕೊಡ್ಬೇಕು, ಅವರಿಗೆ ಬ್ಯಾರೆ ಪಾಳಿ ಇರಬೇಕು ಅಂತ ಅದ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಾಗ ಜಿಲ್ಲಾ ದವಾಖಾನಿಗೆ 10 ಹಾಸಗೀ ವೃದ್ಧರ ವಾರ್ಡು ಅಂತನೂ ಅದ. ಛಲೋ ಆತು. ಆದರ ಹಾಸಗಿ ಸಿಕ್ಕ ಮ್ಯಾಲೆ ಅದರ ಮ್ಯಾಲೆ ಮಲಗಿದವ್ರ ಬಾಯಿಗೆ ತುತ್ತು ಹೆಂಗ ಮುಟ್ಟಬೇಕು ಅಂತ ಆ ಕಲಮಿನ್ಯಾಗ ಒಂದ ಅಕ್ಷರಾ ಇಲ್ಲ. ಪಾಳಿ ಹಚ್ಚಿ ಒಳಗ ಹೋದ ಅಜ್ಜ, ಒಳಗ ಉಪವಾಸ.

ಭೆಟ್ಟಿ ಆಗೂ ವ್ಯಾಳ್ಯಾ ಅಂತೂ ಇನ್ನೂ ಮಜಾ. ಭಾಳ ಕಡೆ ಅದನ್ನ ಊಟಕ್ಕ ಮೊದಲ ಮುಗಸ್ತಾರ. ಗಾಡಿ ಬರೂ ಹೊತ್ತಿಗೆ ಸೆಕ್ಯುರಿಟಿಯಂವಾ ಸೀಟಿ ಊದಿ ‘ನಡೀರಿ ನಡೀರಿ’ ಅಂತ ಎಲ್ಲಾರನ್ನೂ ಹೊರಗ ಹಾಕ್ತಾನ. ಐಸಿಯುದ್ದಂತೂ ಕೇಳೂದ ಬ್ಯಾಡ. ಅಂದ್ರ ‘ಉಣಿಸೂದು ಮನಿಯವರ ಕೆಲಸ’ ಅಂತನೂ ಅವರ ಹೇಳ್ತಾರ, ಉಣಸೂ ಹೊತ್ತಿನ್ಯಾಗ ಮನಿಯವರನ್ನ ಹೊರಗ ಅಟ್ಟವ್ರೂ ಅವರ. ಇಂಗ್ಲೆಂಡಿನ್ಯಾಗ 2014ರಾಗ ‘ಜಾನ್ಸ್ ಕ್ಯಾಂಪೇನ್’ ಅಂತ ಶುರು ಆದದ್ದು ಇಂಥಾದ್ದಕ್ಕ. ಮರವಿನ ರೋಗ ಇದ್ದ ಒಬ್ಬ ಹಿರಿಯ ಡಾಕ್ಟರು ಕಾಲಿನ ಹುಣ್ಣಿಗಂತ ದವಾಖಾನಿ ಸೇರಿ, ಮನಿಮಂದಿನ್ನ ಸರಿಯಾಗಿ ಒಳಗ ಬಿಡದ ಐದ ವಾರದಾಗ ಎಲಬಿನ ಹಂದರಾಗಿ ಹೊರಗ ಬಂದ್ರು. ಅವರ ಮಗಳು, ಆಕಿಯ ಗೆಳತಿ ಕೂಡಿ ಮನಿಯವರಿಗೆ ಜೋಡಿ ಇರೂ ಹಕ್ಕು ಬೇಕು ಅಂತ ಹೋರಾಡಿದ್ರು. ಇದ್ದ ಮನಿಮಂದಿನ್ನ ಒಳಗ ಬಿಡ್ರಿ, ಇಲ್ಲದವ್ರಿಗೆ ಸ್ವಯಂಸೇವಕರನ್ನ ಕೊಡ್ರಿ. ಎರಡೂ ಬೇಕು. ಒಂದ ಇದ್ರ ಇನ್ನೊಂದ ಬ್ಯಾಡ ಅಂತಿಲ್ಲ.

ಇನ್ನ ಡಾಕ್ಟರ ತಕರಾರು. ‘ಹೊರಗಿನವ್ರು ಉಣಿಸಿ, ಅನ್ನ ಶ್ವಾಸನಾಳಕ್ಕ ಹೋಗಿ ನ್ಯುಮೋನಿಯಾ ಆದ್ರ ಜವಾಬ್ದಾರಿ ಯಾರು?’ ಇದು ಹಗರಾದ ಪ್ರಶ್ನೆ ಅಲ್ಲ. ಲಕ್ವಾ ಹೊಡದವ್ರಿಗೆ, ಅರ್ಧಾ ನಿದ್ದಿಯೊಳಗ ಇದ್ದವ್ರಿಗೆ ತಪ್ಪಾಗಿ ಉಣಿಸಿದ್ರ ಜೀವಕ್ಕ ಕುತ್ತು. ಆದರ ಈಗ ಉಣಿಸ್ಲಿಕತ್ತವರು ಯಾರು? ಹದಿನೈದ ವರ್ಷದ ಮೊಮ್ಮಗಳು, ಗಾಬರಿಬಿದ್ದ ಮಗಾ. ಅವರಿಗೆ ಯಾರರ ಏನರ ಹೇಳಿಕೊಟ್ಟಾರೇನು? ಮಲಗಿಸೇ ಬಾಟಲಿಯಿಂದ ನೀರ ಸುರಿತಾರ, ಕೆಮ್ಮು ಬಂದ್ರ ಬೆನ್ನ ಬಡೀತಾರ. ಅಪಾಯದ ಮಾತಿಂದನ ಕಲಿತ ಮಂದಿ ಬೇಕು ಅನ್ನೂದು.

ಕಲಸೂದು ಏನ ಅದ? ಡಿಗ್ರಿ ಬೇಕಿಲ್ಲ, ಎಚ್ಚರ ಬೇಕು. ಸಿಸ್ಟರ್ ಹೆಸರು ಬರದು ಕೊಟ್ಟವ್ರಿಗೆ ಅಷ್ಟ ಉಣಿಸಬೇಕು. ಬಾಯಿಂದ ಏನೂ ಕೊಡಬ್ಯಾಡ್ರಿ ಅಂತ ಬೋರ್ಡಿದ್ದವ್ರನ್ನ, ಮೂಗಿನ ನಳಿಗಿ ಇದ್ದವ್ರನ್ನ, ನುಂಗೂ ತೊಂದ್ರಿ ಅದ ಅಂದವ್ರನ್ನ ಮುಟ್ಟಂಗಿಲ್ಲ, ಅದು ಸಿಸ್ಟರ್ ಕೆಲಸ. ಉಳದವ್ರನ್ನ ಪೂರ್ತಿ ಎಬ್ಬಿಸಿ ನೆಟ್ಟಗ ಕೂಡಸಬೇಕು. ತಾವೂ ಎದುರಿಗೆ ಕೂಡಬೇಕು. ನಿಂತು ಉಣಿಸಿದ್ರ ಅವರು ಕತ್ತ ಮ್ಯಾಲೆತ್ತತಾರ, ಅನ್ನಾ ತಪ್ಪ ದಾರಿ ಹಿಡೀತದ. ಸಣ್ಣ ಚಮಚಾ, ಸಣ್ಣ ತುತ್ತು. ಮೊದಲಿಂದು ನುಂಗಿದ್ದು ನೋಡಿ ಎರಡನೇದ್ದು. ಗಲ್ಲದಾಗ ಅನ್ನಾ ಉಳದದೇನು ನೋಡಬೇಕು. ಕೆಮ್ಮು ಬಂದ್ರ, ಧ್ವನಿ ಗೊಳಗೊಳ ಆದ್ರ ನಿಲ್ಲಿಸಿ ಸಿಸ್ಟರನ್ನ ಕರೀಬೇಕು. ಊಟಾದ ಮ್ಯಾಲೆ ಅರ್ಧಾ ತಾಸು ಮಲಗಸಬಾರದು. ಕೈ ಆಡೋರಿಗೆ ನಾವ ಉಣಸೂದು ಬ್ಯಾಡ. ತಾಟು ಹತ್ತರ ಸರಿಸಿ, ಚಪಾತಿ ಹರದು ಹಾಲಾಗ ನೆನಸಿ, ‘ಇನ್ನೊಂದ ತುತ್ತ, ಆಯಿ’ ಅಂದ್ರ ಸಾಕು. ತಮ್ಮ ಕೈಲೆ ಉಂಡ್ರ ಅವರ ಮಾನಾನೂ ಉಳೀತದ. ಕಡೀಕ ಅರ್ಧಾ ಚಪಾತಿ, ನಾಲ್ಕ ಚಮಚಾ ಅನ್ನಾ, ಒಂದ ವಾಟಗಾ ಮಜ್ಜಿಗಿ ಅಂತ ಹಾಳಿಮ್ಯಾಲೆ ಬರದು ಇಡಬೇಕು.

‘ಹಂಗಾದ್ರ ಸಿಸ್ಟರ್‌ಗಳ ಕೆಲಸ ಪುಕ್ಕಟ ಮಂದಿ ಕಡೆ ಮಾಡಿಸ್ದಂಗ ಆತಲ್ಲಾ, ಖಾಲಿ ಜಾಗಾ ತುಂಬೂದ ಬಿಟ್ಟ ಬಿಡ್ತಾರ’ ಅಂತ ಒಬ್ಬ ಸ್ಟಾಫ್ ನರ್ಸ್ ಗೆಳತಿ ನನಗಂದ್ಳು. ಆಕಿ ಅಂದದ್ದು ನೂರಕ್ಕ ನೂರು ಖರೇ. ಸ್ವಯಂಸೇವಕರು ಬಂದ್ರು ಅಂತ ಒಂದ ಸಿಸ್ಟರ್ ಹುದ್ದೆ ಕಡಿಮಿ ಆದ್ರ ಆ ದಿನಾನ ಸ್ವಯಂಸೇವಕರು ಎದ್ದು ಹೊರಗ ಬರಬೇಕು, ಆಕಿ ಜೋಡಿ ಗೇಟಿನ ಮುಂದ ಕೂಡಬೇಕು. ಆದರ ಪೂರ್ತಿ ಸಿಸ್ಟರುಗಳು ಇದ್ದ ವಾರ್ಡಿನ್ಯಾಗೂ, ಹನ್ನೆರಡೂವರಿಗೆ ಒಮ್ಮೆಲೆ ಎಂಟ ಮಂದಿಗೆ ತುತ್ತು ಬೇಕಂದ್ರ ಎಂಟ ಜೋಡಿ ಕೈ ಎಲ್ಲಿಂದ ತರತಾರ? ಊಟದ ಹೊತ್ತು ಅನ್ನೂದು ಎಲ್ಲಾರಿಗೂ ಒಮ್ಮೆ ಬರ್ತದ.

ಇನ್ನೊಂದ ಮಾತು ಯಾರೂ ಎದುರಿಗೆ ಹೇಳಂಗಿಲ್ಲ, ಕಿವ್ಯಾಗ ಹೇಳ್ತಾರ. ‘ನಮ್ಮ ಅತ್ಯಾರು ಭಾಳ ಮಡಿ. ಯಾರ್ಯಾರದೋ ಕೈಲೆ ಹೆಂಗ ಉಣ್ತಾರ?’ ರಕ್ತದ ಬಾಟಲಿ ಏರಸೂ ಮುಂದ ನಾವು ಕುಲಾ ಕೇಳಂಗಿಲ್ಲ, ಗಂಜಿ ಚಮಚಾಕ್ಕ ಕೇಳ್ತೇವಿ. ಯಾರಿಗೆ ಏನ ಸೇರ್ತದ, ಏಕಾದಶಿ ಅದನೋ, ಉಳ್ಳಾಗಡ್ಡಿ ಬ್ಯಾಡೋ, ರಂಜಾನೋ, ಅದನ್ನ ಕೇಳಿ ತಿಳಕೊಳ್ಳೂದು ಸೇವಾ ಮಾಡೋರ ಧರ್ಮ. ಆದರ ಉಣಸೂ ಕೈ ಯಾವ ಜಾತೀದು ಅಂತ ಕೇಳೂ ಹಕ್ಕು ವಾರ್ಡಿನ್ಯಾಗ ಯಾರಿಗೂ ಇರಬಾರದು. ಒಲ್ಲೆ ಅಂದ್ರ ಒತ್ತಾಯ ಇಲ್ಲ, ಮನಿಯವರು ಬರಲಿ. ಬಾಜೂಕಿನ ಕಾಟಿನ ಅಜ್ಜಿ ಕಾಯ್ಲಿಕತ್ತಾಳ.

ಮಂದಿ ಎಲ್ಲಿಂದ ತರೂದು ಅಂತೀರೇನು? ನಮ್ಮ ಓಣ್ಯಾಗ ನಿವೃತ್ತ ಮಾಸ್ತರಗೋಳು, ಬ್ಯಾಂಕಿನವ್ರು ಕಟ್ಟಿ ಮ್ಯಾಲೆ ಕೂತು ಮಧ್ಯಾಹ್ನ ತಳ್ಳತಾರ. ಭಜನಾ ಮಂಡಳಿ ಇದ್ದಾವ, ಅಕ್ಕನ ಬಳಗ ಇದ್ದಾವ. ಎನ್‌ಎಸ್‌ಎಸ್ ಹುಡುಗರಿಗೆ ವರ್ಷಕ್ಕ 120 ತಾಸು ಸೇವಾ ಮಾಡಬೇಕಂತ ಅದ. ರಸ್ತೆ ಕಸಬರಿಗಿ ಹಿಡಕೊಂಡು ಫೋಟೋ ತಗಸೂ ಬದಲಿ ಅದರಾಗ ನಲವತ್ತ ತಾಸು ವಾರ್ಡಿಗೆ ಕೊಡ್ಲಿ. ಒಂದ ವಾರ್ಡಿಗೆ ಮಧ್ಯಾಹ್ನ ನಾಲ್ಕ ಮಂದಿ, ರಾತ್ರಿ ನಾಲ್ಕ ಮಂದಿ, ಒಬ್ಬರಿಗೆ ವಾರಕ್ಕ ಒಂದ ಪಾಳಿ. ಗಂಡಸ್ರೂ ಬರಬೇಕು, ಬರೇ ಹೆಣ್ಮಕ್ಕಳ ಅಲ್ಲ. ಸೊಸ್ತೇರ ಹೊರಿ ಇಳಿಸಿ ಊರ ಹೆಣ್ಮಕ್ಕಳ ಮ್ಯಾಲೆ ಹಾಕೂದಾದ್ರ ಬದಲಾದದ್ದೇನು? ದವಾಖಾನಿಯವರು ಎರಡ ದಿನ ಕಲಿಸ್ಲಿ, ಗುರುತಿನ ಚೀಟಿ ಕೊಡ್ಲಿ, ಒಬ್ಬ ಸಿಸ್ಟರನ್ನ ಮುಖ್ಯ ಮಾಡ್ಲಿ, ಸಹಾಯ ಬೇಕಾದ ಕಾಟಿಗೆ ಒಂದ ಕೆಂಪ ರಿಬ್ಬನ್ ಕಟ್ಟಲಿ. ರಿಬ್ಬನ್ನಿಗೆ ಬಜೆಟ್ ಬೇಕಾಗಿಲ್ಲ. ಮತ್ತ ಮುಖ್ಯ, ವಾರ್ಡಿನ್ಯಾಗ ಫೋಟೋ ಬಂದ್. ಉಣ್ಣೂ ಬಾಯಿ ಮುಂದ ಮೊಬೈಲ್ ಹಿಡಿದವ್ರನ್ನ ಅವತ್ತ ಮನಿಗೆ ಕಳಸಬೇಕು.

ಹುಟ್ಟುಹಬ್ಬಕ್ಕ ಹಣ್ಣ ಹಂಚೋರಿಗೆ ನಂದೊಂದ ವಿನಂತಿ. ಆ ರೊಕ್ಕದಾಗ ಕಾಟಿನ ಮ್ಯಾಲೆ ಬರೂ ಊಟದ ಟೇಬಲ್ ಕೊಡಸ್ರಿ, ಬೆನ್ನಿಗೆ ಆಸರ ಆಗೂ ದಿಂಬು ಕೊಡಸ್ರಿ, ಒಂದ ಮಿಕ್ಸರ್ ಕೊಡಸ್ರಿ. ಮುಖ್ಯ ಅಂದ್ರ ಆ ಹತ್ತ-ಹನ್ನೆರಡ ಮಂದಿ ಅಂಗಿ ತೋಳ ಮಡಚಿ, ಕೈ ತೊಳಕೊಂಡು, ಒಬ್ಬೊಬ್ಬರು ಒಂದೊಂದ ಕಾಟಿನ ಬಾಜೂಕ ಕೂಡ್ರಿ.

ಉಳದ ನಾವೂ ಪೇಶಂಟ್ ನೋಡ್ಲಿಕ್ಕೆ ಹೋಗೇ ಹೋಗ್ತೇವಿ. ಎಳನೀರು, ಬಿಸ್ಕೀಟು ತಗೊಂಡು ನಾಲ್ಕೂವರಿಗೆ ಹೋಗಿ, ‘ಏನಂದ್ರು ಡಾಕ್ಟರು?’ ಅಂತ ಕೇಳಿ, ನಮ್ಮ ಮನಿ ರೋಗದ ಕತಿ ಹೇಳಿ ಬರೂದು ಬ್ಯಾಡ. ಊಟದ ಹೊತ್ತಿಗೆ ಹೋಗ್ರಿ. ಒಳಗ ಬಿಡಲಿಲ್ಲಂದ್ರ ‘ಅವರಿಗೆ ಯಾರು ಉಣಿಸ್ತಾರ, ಹೆಸರು ಹೇಳ್ರಿ’ ಅಂತ ಕೇಳ್ರಿ. ಹಲ್ಲಿನ ಸೆಟ್ಟು, ಚಷ್ಮಾ ಮನ್ಯಾಗಿದ್ರ ಒಯ್ಯಿರಿ. ಸೂಜಿ ಯಾವ ಕೈಗದ ನೋಡ್ರಿ. ಮೊದಲ ನಿಮ್ಮ ಊರಿನ ದವಾಖಾನ್ಯಾಗ ಮಧ್ಯಾಹ್ನದ ಊಟದ ಗಾಡಿ ಎಷ್ಟಕ್ಕ ಬರ್ತದ ಅಂತ ನಾಳೆ ಒಂದ ಸಲ ಕೇಳಿ ಬರ್ರಿ.